ತಂಗಿಯ ಊರಿನ ಗ್ರಹಣ

ಎರಡು ಸಾವಿರದ ಇಪ್ಪತ್ನಾಲ್ಕು ಎಂದರೆ ಬೇರೆಯವರಿಗೆ ಅಮೆರಿಕದ ಚುನಾವಣೆ ನೆನಪಾಗುತ್ತದೆ. ನನ್ನ ಅಮ್ಮನಿಗೆ ಅಮೆರಿಕ ಎಂದರೆ ಟೆಕ್ಸಾಸಿನಲ್ಲಿ ಬಸುರಿಯಾಗಿದ್ದ ನನ್ನ ತಂಗಿ, ಅಷ್ಟೇ. ಮಂಡಿನೋವಿನಿಂದ ಬಾಣಂತನಕ್ಕೆ ಅಷ್ಟು ದೂರ ಹೋಗಲಾರದೆ, ಸಿಂಗಪುರದ ಟೋವಾ ಪಾಯೋದ ನಮ್ಮ ಫ್ಲಾಟಿನಲ್ಲಿ ಟೀವಿ ಮುಂದೆ ಕೂತು ಪ್ರತಿ ಸುದ್ದಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು: “ಅದು ಅವಳ ಊರಿಂದ ಎಷ್ಟು ದೂರ?”

ಜನವರಿಯಲ್ಲಿ ಅಲ್ಲಿ ಹಾರುತ್ತಿದ್ದ ವಿಮಾನವೊಂದರ ಪಕ್ಕದ ಫಲಕ ಕಿತ್ತುಹೋಯಿತು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ನನಗೆ ಅದು ಬೋಲ್ಟುಗಳ ವಿಷಯ. ಮಾರ್ಚಿನಲ್ಲಿ ಸಿಂಗಪುರದ ಬಾವುಟ ಹೊತ್ತ ಹಡಗು ಬಾಲ್ಟಿಮೋರಿನ ಸೇತುವೆಗೆ ಬಡಿದು ಸೇತುವೆಯೇ ನೀರಿಗೆ ಬಿತ್ತು. ಕ್ಯಾಂಟೀನಿನಲ್ಲಿ ಎಲ್ಲರೂ ಹಡಗಿನ ಬಗ್ಗೆ ಮಾತಾಡಿದರು, ಸತ್ತ ಕೆಲಸಗಾರರ ಬಗ್ಗೆ ಕಡಿಮೆ. ನಾನೂ ಕಡಿಮೆಯೇ. ದೂರದ ಸುದ್ದಿಯನ್ನು ದೂರವೇ ಇಡುವುದು ನನ್ನ ಸ್ವಭಾವ.

ಏಪ್ರಿಲ್‌ನ ಪೂರ್ಣ ಸೂರ್ಯಗ್ರಹಣ ಮಾತ್ರ ನೇರ ತಂಗಿಯ ನೆತ್ತಿಯ ಮೇಲೇ ಹಾಯುವುದಿತ್ತು. ಬಸುರಿ ಗ್ರಹಣ ನೋಡಿದರೆ ಮಗು ಸೀಳುತುಟಿಯೊಂದಿಗೆ ಹುಟ್ಟುತ್ತದೆ ಎನ್ನುವುದು ಅಮ್ಮನ ಭಯ. ಪರದೆ ಎಳೆದುಕೊಂಡು ಒಳಗೇ ಇರುತ್ತೇನೆ ಎಂದು ತಂಗಿಯಿಂದ ಫೋನಿನಲ್ಲೇ ಆಣೆ ಮಾಡಿಸಿಕೊಂಡಳು. ಬಸುರಿ ಹಸಿದಿರಬಾರದೆಂದು ಉಪವಾಸವನ್ನು ಮಾತ್ರ ತಾನೇ ವಹಿಸಿಕೊಂಡಳು.

ಆ ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ ತಂಗಿ ಫೋನ್ ಮಾಡಿದಳು. ಅಲ್ಲಿ ಇನ್ನೂ ಭಾನುವಾರ ಸಂಜೆ.

“ಅಕ್ಕ, ನಾಳೆ ಆಫೀಸ್ ಪೂರ್ತಿ ಲಾನ್‌ಗೆ ಹೋಗ್ತಿದೆ. ನಾನೊಬ್ಳೇ ಕರ್ಟನ್ ಎಳ್ಕೊಂಡು ಕೂರ್ಬೇಕಾ?”

“ಏನೂ ಆಗಲ್ಲ ಕಣೇ. ಗ್ಲಾಸಸ್ ಹಾಕ್ಕೊಂಡು ಹೋಗಿ ನೋಡು. ಅಮ್ಮಂಗೆ ಹೇಳ್ಬೇಡ.”

ಅಷ್ಟು ಹೇಳಿ ಫೋನಿಟ್ಟೆ.

ಸಂಜೆ ಮನೆಗೆ ಬಂದರೆ ಅಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಹರಡಿಕೊಂಡು ಬಿಸಿ ಸಾರನ್ನ ಉಣ್ಣುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಹಾಗೇ ಇತ್ತು.

“ಗ್ರಹಣ ಬಿಡ್ತು ಕಣೇ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ನಾನು.”

ಟೆಕ್ಸಾಸಿನ ಮಧ್ಯಾಹ್ನವನ್ನು ಅವಳು ನಮ್ಮ ಗೋಡೆ ಗಡಿಯಾರದಲ್ಲಿ ನೋಡಿಕೊಂಡು ಕೂತಿದ್ದಳು. ಅವಳು ಹಸಿದಿದ್ದ ಹೊತ್ತಿನಲ್ಲಿ ತಂಗಿ ಹೊದ್ದು ಮಲಗಿದ್ದಳು. ಗ್ರಹಣ ಇನ್ನೂ ಹಿಡಿದೇ ಇರಲಿಲ್ಲ; ನಮ್ಮ ಗಡಿಯಾರದಲ್ಲಿ ಅದು ನಡುರಾತ್ರಿ ಕಳೆದ ಮೇಲೆ. ಹೇಳಿದರೆ ಮತ್ತೆ ಉಪವಾಸ ಕೂರುತ್ತಾಳೆ, ಬೆಳಗಾದರೆ ಯುಗಾದಿ. “ಒಳ್ಳೇದಾಯ್ತಮ್ಮ” ಎಂದೆ. ಒಳಗೊಳಗೇ ನಗುವೂ ಬಂತು.

ಯುಗಾದಿ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುವ ಮೊದಲು ಫೋನ್ ನೋಡಿದೆ. ತಂಗಿ ಫೋಟೋ ಕಳಿಸಿದ್ದಳು. ಹುಲ್ಲಿನ ಮೇಲೆ ನಿಂತಿದ್ದಾಳೆ, ಒಂದು ಕೈ ಹೊಟ್ಟೆಯ ಮೇಲೆ, ಮುಖ ಆಕಾಶಕ್ಕೆ. ಆಗ ನಗು ಬರಲಿಲ್ಲ. ಅಮ್ಮ ತಪ್ಪಿದ ಹೊತ್ತಿನಲ್ಲಿ ಕಾದಳು, ತಂಗಿ ಹೊರಗೆ ನಿಂತಳು, ಎರಡೂ ಗೊತ್ತಿದ್ದವಳು ನಾನೊಬ್ಬಳೇ. ಇದರಲ್ಲೆಲ್ಲ ನನಗೆ ನಂಬಿಕೆಯಿಲ್ಲ. ಆದರೂ ಹೆದರಿದೆ. ಪ್ರತಿ ಸ್ಕ್ಯಾನ್ ಆದಾಗಲೂ “ಮುಖ ಕಾಣಿಸ್ತಾ?” ಎಂದು ಕೇಳುತ್ತಿದ್ದೆ. ತಂಗಿ ಅದನ್ನು ದೊಡ್ಡಮ್ಮನ ಆಸೆ ಎಂದುಕೊಂಡಳು.

ಜುಲೈನಲ್ಲಿ ಅಲ್ಲಿಯ ಚುನಾವಣಾ ಸಭೆಯೊಂದರಲ್ಲಿ ಅಭ್ಯರ್ಥಿಯ ಮೇಲೆ ಗುಂಡು ಹಾರಿತು, ಕಿವಿಗೆ ತಾಗಿ ಹೋಯಿತು. ಟೀವಿಯಲ್ಲಿ ವಾರವಿಡೀ ಅದೇ. ಅದನ್ನೇ ನೋಡುತ್ತ ಅಮ್ಮನ ಪಕ್ಕ ಕೂತಿದ್ದಾಗ ಹೆರಿಗೆಯಾದ ಸುದ್ದಿ ನನ್ನ ಫೋನಿಗೆ ಬಂತು: ಒಂದು ಫೋಟೋ, ಕೆಳಗೆ ತಂಗಿಯ ಗಂಡನ ಉದ್ದದ ಮೆಸೇಜು. ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಮಗುವಿನ ತುಟಿ ನೋಡಿದೆ. ಮೇಲಿನದು, ಕೆಳಗಿನದು. ಮತ್ತೊಮ್ಮೆ ಮೇಲಿನದು. ಎಲ್ಲೂ ಸೀಳಿರಲಿಲ್ಲ.

“ಏನಾಯ್ತೇ, ಹೇಳು,” ಎಂದು ಅಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. “ನನ್ನ ಮಗಳು ಹೇಗಿದಾಳೆ?”

ಕೆಳಗಿದ್ದ ಮೆಸೇಜನ್ನು ನಾನಿನ್ನೂ ಓದಿರಲಿಲ್ಲ.