ಕದ್ದ ಲೆಕ್ಕದ ಮನೆ

ಸುಳ್ಯಕ್ಕೆ ಬಂದ ದಿನ ನನಗೆ ತೋರಿಸಿದ ಬಾಡಿಗೆ ಮನೆಯ ಬಾಗಿಲಿಗೆ ಬೀಗವೇ ಇರಲಿಲ್ಲ. ಮನೆಯೊಡತಿ ದೇವಕಿಯಕ್ಕ ಅಂಗೈಯಿಂದ ಬಾಗಿಲು ತಳ್ಳಿ, "ಬೀಗ ಎಂತಕ್ಕೆ ಮಾರಾಯ್ರೆ? ಇಲ್ಲಿ ಯಾರು ಬರ್ತಾರೆ?" ಎಂದರು. ಯಾರೂ ಬಾರದ ಜಾಗ ಎಂಬುದೇ ನನ್ನನ್ನು ಹೆದರಿಸಿತು. ಇಳಕಲ್ಲಿನಲ್ಲಿ ನಮ್ಮ ಗೋಡೆಯೇ ಪಕ್ಕದವರ ಗೋಡೆ. ಅವರ ಮನೆಯಲ್ಲಿ ತಾಟು ಬಿದ್ದರೆ ಏನಾಯಿತೆಂದು ಕೇಳುವವರು ನಾವು. ಇಲ್ಲಿ "ನಮ್ಮ ಮನೆ ಇಲ್ಲೇ ಕೆಳಗೆ" ಎಂದವರ ಮನೆ ಮುಟ್ಟಲು ಅರ್ಧ ಗಂಟೆ ಇಳಿಯಬೇಕು. ಆ ಸಂಜೆಯೇ ಪೇಟೆಗೆ ಹೋಗಿ ಎರಡು ಬೀಗ ತಂದೆ.

ಸಂಶಯ ನನಗೆ ಹುಟ್ಟಿನಿಂದ ಬಂದದ್ದು, ನನ್ನ ಊರಿನವರಿಗೆಲ್ಲ ಅದು ಗೊತ್ತು. ಇಲ್ಲಿ ಅದಕ್ಕೆ ಒಳ್ಳೆಯ ಮೇವು ಸಿಕ್ಕಿತು. ನಾನು ಏನು ಹೇಳಿದರೂ ಜನ "ಹೌದಾ?" ಎನ್ನುತ್ತಾರೆ. ಅದು ಬರೀ ಹೂಂಗುಟ್ಟುವ ರೀತಿ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಸುಳ್ಳುಗಾತಿ ಎಂದುಕೊಂಡಿದ್ದಾರೆಂದು ಒಳಗೊಳಗೇ ಕುದಿಯುತ್ತಿದ್ದೆ. ಅಂಗಡಿಯವರು ನನ್ನೊಡನೆ ಕನ್ನಡ, ಪಕ್ಕದವರೊಡನೆ ತುಳು, ಅವರ ಹಿಂದಿನವರೊಡನೆ ಅರೆಭಾಷೆ ಮಾತಾಡುತ್ತಾರೆ. ಭಾಷೆ ಬದಲಾದಾಗಲೆಲ್ಲ ನನ್ನ ಸುದ್ದಿಯೇ ಎಂದು ಕಿವಿ ನಿಮಿರುತ್ತಿತ್ತು. ಕೆಂಪು ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪುತ್ತೂರಿನಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ರೊಟ್ಟಿ ಬಡಿದು ದೇವಕಿಯಕ್ಕನಿಗೂ ಕೊಟ್ಟೆ. "ಲಾಯ್ಕುಂಟು. ಆದ್ರೆ ಹಲ್ಲು ಗಟ್ಟಿ ಬೇಕು" ಎಂದರು. ಅದೇ ನನ್ನ ಮೊದಲ ಗೆಲುವು.

ನನ್ನ ಕೆಲಸ ಇಲ್ಲಿನ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುವುದು. ಕೊನೆಯ ಪ್ರಾಜೆಕ್ಟಿಗೆ ಇಪ್ಪತ್ತು ಮಂದಿ ವಿದ್ಯಾರ್ಥಿಗಳಿಗೂ ಕಂಪ್ಯೂಟರಿನಲ್ಲೇ ಒಂದೊಂದು ಮನೆ ಕಟ್ಟಲು ಹೇಳಿದ್ದೆ. ಹಂಚುಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುವ ಹಾಗಿಲ್ಲ. ನಿಯಮ ಬರೆಯಬೇಕು, ಒಂದು ಅಳತೆ ಬದಲಿಸಿದರೆ ಇಡೀ ಮನೆ ತಾನೇ ಹೊಂದಿಕೊಳ್ಳಬೇಕು. ಇದು ಪ್ರೊಸೀಜರಲ್ ಮಾಡೆಲಿಂಗ್. ಆಮೇಲೆ ಚಿತ್ರವನ್ನು ಪದರ ಪದರವಾಗಿ ತೆಗೆಯಬೇಕು. ಬಣ್ಣ ಬೇರೆ, ನೆರಳು ಬೇರೆ, ಹೊಳಪು ಬೇರೆ, ಒಂದೊಂದು ಬಿಡಿಭಾಗಕ್ಕೂ ಒಂದೊಂದು ಬಣ್ಣ ಬಳಿದ ಗುರುತಿನ ಪದರ ಬೇರೆ. ಈ ಪದರಗಳೇ ರೆಂಡರ್ ಪಾಸ್‌ಗಳು, ಎಲ್ಲವನ್ನೂ ಕೂಡಿಸಿದರೆ ಚಿತ್ರ. ನೆರಳು ಹೆಚ್ಚಾಯಿತೆನ್ನಿಸಿದರೆ ನೆರಳನ್ನಷ್ಟೇ ತಗ್ಗಿಸಬಹುದು, ಇಡೀ ಅಡುಗೆ ಮತ್ತೆ ಮಾಡಬೇಕಿಲ್ಲ.

ಪೆರಾಬೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಿಶ್ಮಿತಾ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಅವಳು ತಂದ ಮನೆ ನೋಡಿ ನಾನು ದಂಗಾದೆ. ಹಂಚಿನ ಮಾಡು, ಅಂದರೆ ಛಾವಣಿ. ಅದನ್ನು ಹೊರುವ ಓರೆ ತೊಲೆಗಳಿಗೆ ಇಲ್ಲಿ ಪಕ್ಕಾಸು ಎನ್ನುತ್ತಾರೆ. ನಾಲ್ಕೂ ಮೂಲೆಗಳಲ್ಲಿ ಅವು ಬೀಸಣಿಗೆಯಂತೆ ಹರಡಿದ್ದವು, ಒಂದರ ಉದ್ದ ಇನ್ನೊಂದಕ್ಕಿಲ್ಲ. ಅಂಥ ನಿಯಮ ಬರೆಯಲು ನನಗೇ ಬಾರದು. ಸುತ್ತಳತೆಗೆ ನಲವತ್ತು ಎಂದು ಕೊಟ್ಟೆ. ಅಂಕಿ ತಾನೇ ಜರುಗಿ ನಲವತ್ತಕ್ಕಿಂತ ಸ್ವಲ್ಪ ಹೆಚ್ಚಿಗೆ ಹೋಗಿ ನಿಂತಿತು. ಬೇರೆ ಅಂಕಿ ಕೊಟ್ಟರೂ ಹಾಗೆಯೇ.

"ಇದು ಯಾಕ ಜರಗತೈತಿ?" ಎಂದೆ.

"ಅದು ಹಾಗೆಯೇ ಮೇಡಂ."

"ಖರೇ ಹೇಳು, ಎಲ್ಲಿಂದ ಇಳಿಸ್ಕೊಂಡಿ?"

ಹಿಂದಿನ ಬೆಂಚಿನವರು ನನ್ನ ಮಾತಿನ ಧಾಟಿಗೆ ಕಿಸಕ್ಕೆಂದರು. ಅವಳ ಕಣ್ಣು ತುಂಬಿತು.

ಕಳವು ಹಿಡಿಯಲೇಬೇಕೆಂದು ಪದರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಬೇರೆಡೆಯಿಂದ ತಂದು ಸೇರಿಸಿದ ಹೊಲಿಗೆ ಎಲ್ಲೂ ಸಿಗಲಿಲ್ಲ. ಇಡೀ ಫೈಲನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಇದರ ಮೂಲ ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದೆ. ಯಾರೂ ಕಂಡಿರಲಿಲ್ಲ. ಮಂಗಳೂರಿನ ಸ್ಟುಡಿಯೊ ಒಂದು ಈ ಪ್ರಾಜೆಕ್ಟುಗಳನ್ನು ನೋಡಿ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿತ್ತು. ನಾನು 'ನಕಲು' ಎಂದು ಬರೆದರೆ ಅವಳ ದಾರಿ ಮುಚ್ಚಿದಂತೆಯೇ. ಮರುದಿನ ಅವಳೇ ಬಂದಳು. "ಒಮ್ಮೆ ನಮ್ಮ ಮನೆಗೆ ಬನ್ನಿ ಮೇಡಂ, ಎಲ್ಲಿ ಕಲ್ತದ್ದು ಅಂತ ತೋರಿಸ್ತೇನೆ. ಅಪ್ಪ ಇಲ್ಲದ ಹೊತ್ತಿಗೆ ಬನ್ನಿ." ಆ ಕೊನೆಯ ಮಾತು ನನ್ನ ಸಂಶಯದ ಬೆಂಕಿಗೆ ತುಪ್ಪ ಸುರಿಯಿತು. ಅಪ್ಪ ಇರುವ ಭಾನುವಾರವನ್ನೇ ಆರಿಸಿ, ಹೇಳದೆ ಕೇಳದೆ ಹೋದೆ.

ಅಂಗಳದಲ್ಲಿ ಮರ ಕೀಸುತ್ತಿದ್ದವರು ಅವಳ ಅಪ್ಪ, ಬಡಗಿ ಮೋನಪ್ಪ ಆಚಾರ್ರು. ಪಕ್ಕದಲ್ಲಿ ಗೆರೆ ಕೊರೆದ ಅಳತೆಯ ಕೋಲು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಕೇಳ್ಲಿಕ್ಕೆ ಬಂದದ್ದು ನೀವು? ಮಾಡಿನ ಲೆಕ್ಕ ಕೇಳ್ಲಿಕ್ಕಾದ್ರೆ ನಾನು ಯಾರಿಗೂ ಹೇಳುದಿಲ್ಲ" ಎಂದರು. ನನ್ನನ್ನು ಮೀರಿಸುವ ಸಂಶಯಗಾರ ಸಿಕ್ಕಿದ್ದರು. ನಿಶ್ಮಿತಾ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ನಾನು ಮಗಳ ಟೀಚರೆಂದು ಹೇಳಿ, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಮನೆ ತೋರಿಸಿದೆ.

ಅವರು ಮೊದಲು ನಕ್ಕರು. ನಾನು ಅಂಕಿ ಕೊಟ್ಟಾಗ ಅದು ಜರುಗಿತು. ನಗು ನಿಂತಿತು. "ಆಯ ಸರಿ ಮಾಡಿಯೇ ನಿಲ್ತದಲ್ಲ" ಎಂದು ಗೊಣಗಿದರು. ಮನೆಗೆ ಒಪ್ಪುವ ಅಳತೆಯೇ ಆಯ. ಅದು ಕೂಡಿ ಬಾರದೆ ಇಲ್ಲಿನ ಹಳೆಯ ಬಡಗಿಗಳು ಮರ ಮುಟ್ಟುವುದಿಲ್ಲ. "ಇದು ನಂಗೆ ನನ್ನ ಅಪ್ಪ ಹೇಳಿದ್ದು. ಹೆಣ್ಣಿಗೆ ಎಂತಕ್ಕೆ ಅಂತ ನಾನು ಇವಳಿಗೆ ಹೇಳ್ಲಿಲ್ಲ." ಮಗಳತ್ತ ತಿರುಗಿ, "ಉಂದೆನ್ ನಿಕ್ಕ್ ಏರ್ ಪಂಡಿನಿ?" ಎಂದರು. ಇದನ್ನು ನಿನಗೆ ಯಾರು ಹೇಳಿದ್ದು ಎಂಬಷ್ಟು ತುಳು ನನಗೂ ಬರುತ್ತಿತ್ತು.

"ನೀವೇ" ಎಂದಳು ಅವಳು, ನನಗೂ ತಿಳಿಯಲೆಂದು ಕನ್ನಡದಲ್ಲಿ. "ಮಾಡಿನ ಮೇಲೆ ಕೂತು ಬಾಯಲ್ಲೇ ಲೆಕ್ಕ ಹಾಕ್ತಿದ್ರಿ. ನಾನು ಚಾ ಹಿಡ್ಕೊಂಡು ಕೆಳಗೆ ನಿಂತಿರ್ತಿದ್ದೆ."

ಆಚಾರ್ರು ನನ್ನತ್ತ ತಿರುಗಿ ಕೇಳಿದರು: "ಇದು ಎಷ್ಟು ಜನರ ಹತ್ರ ಉಂಟು?"

ತರಗತಿಯ ಗುಂಪಿಗೆ ಹಾಕಿದ್ದನ್ನು ಒಪ್ಪಿಕೊಂಡು, "ಇಪ್ಪತ್ತು" ಎಂದೆ.

"ಈಗ ಎಲ್ರೂ ಶೀಟ್ ಹಾಕುದು. ಗುಡಿಯ ಮಾಡಿಗೆ ಮಾತ್ರ ನನ್ನನ್ನು ಕರೀತಾರೆ, ಅದೂ ಈ ಲೆಕ್ಕಕ್ಕೆ. ನೀವು ಅದನ್ನು ಹಂಚಿ ಬಿಟ್ರಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಡುಗಿಯನ್ನು ಕಳ್ಳಿ ಎಂದು ತೋರಿಸಲು ಹೋಗಿ ನಾನೇ ಒಬ್ಬರ ಅನ್ನಕ್ಕೆ ಕೈ ಹಾಕಿದ್ದೆ. ತಲೆ ಎತ್ತಲು ನಾಚಿಕೆಯಾಯಿತು.

ನಿಶ್ಮಿತಾ ಹತ್ತಿರ ಬಂದು ಹಂಚುಗಳನ್ನು ಮರೆಮಾಡಿ ಗುರುತಿನ ಪದರವನ್ನಷ್ಟೇ ಉಳಿಸಿದಳು. ಒಂದೊಂದು ಪಕ್ಕಾಸೂ ಒಂದೊಂದು ಬಣ್ಣದಲ್ಲಿ ಎದ್ದು ಕಂಡಿತು. ಆಚಾರ್ರು ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಬೆರಳಿನಿಂದ ಎಣಿಸುತ್ತ ಹೋದರು. ಮೂಲೆಯಲ್ಲಿ ಬೆರಳು ನಿಂತಿತು.

"ಇಲ್ಲಿ ಒಂದು ತಪ್ಪುಂಟು."

"ಎಲ್ಲಿ?" ಎಂದು ನಾನೂ ಬಗ್ಗಿದೆ.

"ಕೆಳಗೆ ನಿಂತವಳಿಗೆ ಇದು ಕೇಳ್ಲಿಲ್ಲ. ಇಲ್ಲಿಗೆ ಬಂದಾಗ ನಾನು ಬಾಯಿ ಬಿಡುದಿಲ್ಲ, ಮನಸ್ಸಲ್ಲೇ ಹಾಕುದು." ಅವರ ಮುಖ ಸಡಿಲಾಯಿತು. "ಇರ್ಲಿ. ಇಪ್ಪತ್ತು ಜನ ಕಟ್ಟಿದ್ರೂ ಮೂಲೆ ಕೂಡುದಿಲ್ಲ."

ಕೋಲು ಎತ್ತಿಕೊಂಡು, ಮಗಳನ್ನು ಕಣ್ಣಲ್ಲೇ ಕರೆದರು. "ನೀವು ಸ್ವಲ್ಪ ಇಲ್ಲೇ ಕೂತ್ಕೊಳ್ಳಿ ಮೇಡಂ" ಎಂದು ಅವಳೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಚೀಲದಿಂದ ಅಂಕಪಟ್ಟಿ ತೆಗೆದು ಅವಳ ಹೆಸರಿನ ಮುಂದೆ 'ಸ್ವಂತ ಕೆಲಸ' ಎಂದು ಬರೆದೆ. ಒಳಗಿನಿಂದ ತುಳುವಿನಲ್ಲಿ ಅಪ್ಪ ಲೆಕ್ಕ ಹೇಳುವುದು, ಮಗಳು ಅದನ್ನು ತಿರುಗಿ ಹೇಳುವುದು ಕೇಳುತ್ತಿತ್ತು. ನನ್ನಪ್ಪ ನೇಕಾರ. ಮಗ್ಗದ ಮುಂದೆ ಕೂತು ಸೆರಗಿನ ಎಳೆ ಎಣಿಸುವಾಗ ಅಪ್ಪನ ತುಟಿಗಳೂ ಹೀಗೇ ಆಡುತ್ತಿದ್ದವು. ನನ್ನಿಂದ ಏನನ್ನೂ ಮುಚ್ಚಿಟ್ಟವರಲ್ಲ. "ಬಾರವ್ವ, ಕೂಡು" ಎಂದು ಎಷ್ಟೋ ಸಲ ಕರೆದಿದ್ದರು. ನಾನು ಪುಸ್ತಕ ಹಿಡಿದು ಮಾಳಿಗೆ ಹತ್ತುತ್ತಿದ್ದೆ. ಈ ಊರಿನ ಲೆಕ್ಕವನ್ನು ನನಗೆ ಯಾರೂ ಹೇಳುವುದಿಲ್ಲ, ನನ್ನ ಊರಿನದನ್ನು ಹೇಳಲು ಬಂದಾಗ ನಾನು ಕೇಳಲಿಲ್ಲ. ಆ ಜಗಲಿಯಲ್ಲಿ ಕೂತು ನನಗೆ ಒಳಗಿದ್ದ ಹುಡುಗಿಯ ಮೇಲೆ ಹೊಟ್ಟೆ ಉರಿಯಿತು.