ತೋರಣದ ಆ ಕಡೆಯ ತುದಿ

ಲಿಸ್ಬನ್ನಿನ ಹಳೆಯ ಕೇರಿ ಅಲ್ಫಾಮದಲ್ಲಿ ಜೂನ್ ಬಂತೆಂದರೆ ಗಲ್ಲಿಗೊಂದು ಕಾಗದದ ತೋರಣ. ಕುಸ್ತೋದಿಯಾಳ ಗಲ್ಲಿಯಲ್ಲಿ ಅದು ಅವಳ ಕಿಟಕಿಯಿಂದ ಎದುರುಮನೆಯ ಫೆಲಿಷ್ಮೀನಾಳ ಕಿಟಕಿಗೆ. ಹಗ್ಗದ ತುದಿಗೆ ನಿಂಬೆಹಣ್ಣು ಕಟ್ಟಿ ಇವಳು ಎಸೆಯಬೇಕು, ಅವಳು ಹಿಡಿದು ಕಂಬಿಗೆ ಬಿಗಿಯಬೇಕು. ನಲವತ್ತು ವರ್ಷದಲ್ಲಿ ಒಮ್ಮೆಯೂ ನಿಂಬೆಹಣ್ಣು ನೆಲಕ್ಕೆ ಬಿದ್ದದ್ದಿಲ್ಲ.

ಅದರಲ್ಲಿ ಕೊನೆಯ ಹನ್ನೊಂದು ವರ್ಷ ಇಬ್ಬರಿಗೂ ಮಾತೇ ಇರಲಿಲ್ಲ. ಕಾರಣ ಕೇಳಿದರೆ ನಗು ಬಂದೀತು. ಸಂತ ಅಂತೋನಿಯ ಹಬ್ಬಕ್ಕೆ ತರುವ ಕಾಮಕಸ್ತೂರಿಯ ಕುಂಡಕ್ಕೆ ಯಾರೂ ಮೂಗು ತಾಗಿಸುವುದಿಲ್ಲ. ಎಲೆ ಸವರಿ ಅಂಗೈಯನ್ನು ಮೂಸುತ್ತಾರೆ. ಮೂಗು ತಾಗಿದರೆ ಗಿಡ ಒಣಗುತ್ತದಂತೆ. ಗಂಡ ಸಾಯುವ ಮುಂಚೆ ಕೊನೆಯದಾಗಿ ತಂದಿದ್ದ ಕುಂಡ ವಾರದಲ್ಲೇ ಒಣಗಿದಾಗ ಕುಸ್ತೋದಿಯಾ ಬೀದಿಗಿಳಿದು ಕೂಗಾಡಿದ್ದಳು.

"ನೀನು ಮೂಗು ತೂರಿಸದ ಜಾಗ ಯಾವುದಿದೆಯೇ? ನನ್ನ ಗಿಡಕ್ಕೂ ತೂರಿಸಿದೆ!"

"ನಾನು ಮುಟ್ಟೇ ಇಲ್ಲ ಕಣೇ," ಎಂದು ಫೆಲಿಷ್ಮೀನಾ ಎಷ್ಟು ಹೇಳಿದರೂ ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಟೆಲೊಂದರಲ್ಲಿ ಮೂವತ್ತು ವರ್ಷ ಹೊದಿಕೆಗಳಿಗೆ ಇಸ್ತ್ರಿ ಹಾಕಿದವಳು. ಮಾತಿನಲ್ಲೂ ಕಾದ ಇಸ್ತ್ರಿಪೆಟ್ಟಿಗೆಯೇ. ಆದರೂ ಪ್ರತಿ ಜೂನ್‌ನಲ್ಲಿ ಇವಳು ಎಸೆಯುತ್ತಿದ್ದಳು, ಅವಳು ಮುಖ ಗಂಟಿಕ್ಕಿಕೊಂಡೇ ಹಿಡಿಯುತ್ತಿದ್ದಳು.

ಈ ಸಲದ ಚಳಿಗಾಲದಲ್ಲಿ ಮನೆಯೊಡೆಯ ಎದುರುಮನೆಯನ್ನು ಪ್ರವಾಸಿಗರಿಗೆ ಕೊಡಲೆಂದು ಖಾಲಿ ಮಾಡಿಸಿದ. ಫೆಲಿಷ್ಮೀನಾ ನದಿಯಾಚೆಯ ತಂಗಿಯ ಮನೆಗೆ ಹೊರಟಳು. ಸಾಮಾನು ಇಳಿಸುವಷ್ಟು ಹೊತ್ತೂ ಕುಸ್ತೋದಿಯಾ ಪರದೆಯ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ. ಸುಡುಗಾಡು ಹಟ.

ಹಬ್ಬದ ದಿನ ಬಂತು. ಸಂಜೆ ಐದಕ್ಕೆ ಸಂತನ ಮೆರವಣಿಗೆ ಗಲ್ಲಿಗೆ ಬರುತ್ತದೆ, ಅಷ್ಟರೊಳಗೆ ತೋರಣ ಏರಬೇಕು. ಎದುರು ಕಿಟಕಿಯಲ್ಲಿ ಪರದೇಶದವನೊಬ್ಬ ಕಾಣಿಸಿದ.

"ಹಿಡೀರಿ ಸ್ವಾಮಿ! ಕಂಬಿಗೆ ಕಟ್ಟಿ!"

ಅವನು ಚೆನ್ನಾಗಿಯೇ ಹಿಡಿದ. ನಗುತ್ತ ನಿಂಬೆಹಣ್ಣು ಬಿಚ್ಚಿಕೊಂಡ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ, ಹಗ್ಗವನ್ನು ಕೆಳಗೆ ಬಿಟ್ಟು ಕಿಟಕಿ ಹಾಕಿಕೊಂಡ.

ಅವಳು ಹಗ್ಗ ಎಳೆದುಕೊಂಡಳು. ಬೇರೆ ದಾರಿ ಕಾಣದೆ ಒಂದು ತುದಿಯನ್ನು ಅಡುಗೆಮನೆಯ ಕಿಟಕಿಗೆ, ಇನ್ನೊಂದನ್ನು ಮಲಗುವ ಕೋಣೆಯ ಕಿಟಕಿಗೆ ಕಟ್ಟಿದಳು. ತೋರಣ ಒಣಹಾಕಿದ ಬಟ್ಟೆಯಂತೆ ಅವಳ ಗೋಡೆಗೇ ಜೋತುಬಿತ್ತು.

ಮೆರವಣಿಗೆ ಬಂತು. ವಾದ್ಯದವರ ಹಿಂದೆ, ಮೇಣದಬತ್ತಿ ಹಿಡಿದ ಹೆಂಗಸರ ನಡುವೆ ಫೆಲಿಷ್ಮೀನಾ ಬರುತ್ತಿದ್ದಳು. ಸೊರಗಿದ್ದಳು. ಹಳೆಯ ಮನೆಯ ಕಡೆ ತಿರುಗಲಿಲ್ಲ, ಇತ್ತಲೇ ಕತ್ತೆತ್ತಿದಳು.

"ಏನೇ ಇದು ಕುಸ್ತೋದಿಯಾ! ಒಂದೇ ಗೋಡೆಗೆ ಯಾರಾದ್ರೂ ತೋರಣ ಕಟ್ತಾರಾ?"

"ಆ ಕಡೆ ಹಿಡಿಯೋರು ಯಾರಿದ್ದಾರೆ ಕಣೇ?" ಎಂದು ಇವಳು ಕಿಟಕಿಯಿಂದ ಬಗ್ಗಿ ಕೂಗಿದಳು.

ಫೆಲಿಷ್ಮೀನಾ ಬಾಯಿಯ ಪಕ್ಕ ಅಂಗೈ ಹಿಡಿದು ಏನೋ ಕೂಗಿದಳು. ಅಷ್ಟರಲ್ಲಿ ಡೋಲು ಬಡಿಯಿತು.

"ಏನಂದೆ? ಕೇಳಿಸ್ಲಿಲ್ಲ! ಇನ್ನೊಂದ್ಸಲ ಹೇಳೇ!"

ಹಿಂದಿನವರು ತಳ್ಳುತ್ತಿದ್ದರು. ಆ ಬಿಳಿ ತಲೆ ತಿರುವಿನಲ್ಲಿ ಮರೆಯಾಯಿತು. ಕುಸ್ತೋದಿಯಾ ನೋಯುವ ಮಂಡಿಯಲ್ಲೇ ಮೆಟ್ಟಿಲಿಳಿದು ಬರುವಷ್ಟರಲ್ಲಿ ಗಲ್ಲಿಯ ತುಂಬ ಬಿಯರ್ ಲೋಟ ಹಿಡಿದ ಪ್ರವಾಸಿಗರು.

"ಫೆಲಿಷ್ಮೀನಾ ಏನಂದಳು? ನೀವು ಕೇಳಿಸಿಕೊಂಡ್ರಾ?" ಎಂದು ಅವಳು ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಅಲ್ಲಿದ್ದ ಯಾರಿಗೂ ಫೆಲಿಷ್ಮೀನಾ ಯಾರೆಂದೇ ಗೊತ್ತಿರಲಿಲ್ಲ.