ಸೈನಿಕರ ಮನೆಯ ಮಾತಿಗೆ ಕಿವಿಗೊಟ್ಟ ಭಾನುಮತಿ

ಬೆಳಗಿನ ಆರೂಕಾಲು. ಸ್ವೀಡನ್ನಿನ ನಾರ್‌ಶೋಪಿಂಗ್ ನಗರದಲ್ಲಿ ಇನ್ನೂ ಕತ್ತಲು, ಮೈನಸ್ ಒಂಬತ್ತು ಡಿಗ್ರಿ. ಭಾನುಮತಿ ಸೈಕಲ್ಲಿಗೆ ಬೀಗ ಹಾಕಿ, ಬೂಟಿನ ಹಿಮ ಕೊಡವಿ, ಮೂರನೇ ಮಹಡಿಯ ಮನೆಯೊಂದರ ಬಾಗಿಲು ತೆರೆಯುತ್ತಾರೆ. ಒಳಗಿರುವ ತೊಂಬತ್ತರ ವೃದ್ಧರನ್ನು ಎಬ್ಬಿಸಿ, ಗಂಜಿ ಕಾಯಿಸಿ, ಮಾತ್ರೆ ಕೊಟ್ಟು, ಬಾತ ಕಾಲಿಗೆ ಬಿಗಿಯಾದ ಕಾಲುಚೀಲ ಏರಿಸಲು ಅವರಿಗಿರುವುದು ಇಪ್ಪತ್ತೈದು ನಿಮಿಷ. ಮಧ್ಯಾಹ್ನದೊಳಗೆ ಇಂಥ ಒಂಬತ್ತು ಮನೆ ಮುಗಿಯಬೇಕು. ಇದು ಕೊಮ್ಯೂನ್, ಅಂದರೆ ಇಲ್ಲಿನ ನಗರಾಡಳಿತ, ಸಂಬಳ ಕೊಟ್ಟು ಮಾಡಿಸುವ ಕೆಲಸ.

ಮೂರು ಗಂಟೆಯ ನಂತರದ್ದು ಅವರೇ ಹಚ್ಚಿಕೊಂಡದ್ದು. ಅಂಗೈಯಗಲದ ರೆಕಾರ್ಡರ್ ಹಿಡಿದು ಮಾಜಿ ಸೈನಿಕರ ಮನೆಗಳಿಗೆ ಹೋಗುತ್ತಾರೆ. ಅವರು ಹೇಳಿದ್ದನ್ನು, ಅವರ ಹೆಂಡತಿ ಮಕ್ಕಳು ಹೇಳಿದ್ದನ್ನು ಧ್ವನಿಯಲ್ಲೇ ಉಳಿಸುತ್ತಾರೆ. ಏಳು ವರ್ಷದಲ್ಲಿ ನೂರ ಮೂವತ್ತೆಂಟು ಮಂದಿ. ಅವರಲ್ಲಿ ಇಪ್ಪತ್ತಾರು ಮಂದಿ ಕರ್ನಾಟಕದವರು, ಭಾನುವಾರಗಳಂದು ಫೋನಿನಲ್ಲಿ ಮಾತಿಗೆ ಸಿಕ್ಕವರು.

ಐವತ್ತಾರರ ಭಾನುಮತಿ ಬೆಳಗಾವಿಯವರು, ಹವಾಲ್ದಾರರ ಮಗಳು. ಗಂಡ ಶೇಷಾದ್ರಿ ಐಟಿ ಕೆಲಸದ ಮೇಲೆ ಸ್ವೀಡನ್ನಿಗೆ ಬಂದಾಗ ಜೊತೆಗೆ ಬಂದರು, ಸ್ವೀಡಿಷ್ ಕಲಿತು ವೃದ್ಧರ ಆರೈಕೆಗೆ ಸೇರಿದರು. ಇಲ್ಲಿನ ಕನ್ನಡಿಗರ ನಡುವೆ ಅವರದು ಬೆಂಗಳೂರಿನ ಮಾತು. ಅಪ್ಪನ ವಿಷಯ ಬಂದರೆ ಮಾತ್ರ ಬೆಳಗಾವಿ ಇಣುಕುತ್ತದೆ. "ಅಪ್ಪ ಇಪ್ಪತ್ನಾಲ್ಕು ವರ್ಷ ಫೌಜಿನ್ಯಾಗ ಇದ್ದ. ಬರೆದ ಪತ್ರ ಒಂದು ಟ್ರಂಕ್ ತುಂಬ ಇದ್ವು. ಮನೆ ಬದಲಿಸುವಾಗ ಅವ್ವ ರದ್ದಿಗೆ ಹಾಕಿದ್ಳು. ನಾನೂ ಬ್ಯಾಡ ಅನ್ಲಿಲ್ಲ."

ಆ ನಷ್ಟ ಅವರಿಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಅವರು ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಒಂದು ಬೆಳಿಗ್ಗೆ ಶೂ ಕಟ್ಟಿಸಿಕೊಳ್ಳುತ್ತಾ, ವಿಶ್ವಸಂಸ್ಥೆಯ ಪಡೆಯಲ್ಲಿ ಸೈಪ್ರಸ್‌ಗೆ ಹೋಗಿದ್ದನ್ನು ಹೇಳತೊಡಗಿದರು. ಮುಂದಿನ ವಾರ ತೀರಿಕೊಂಡರು. ಅಪ್ಪ ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ ಎಂದು ಮಗ ಬಂದು ಕೇಳಿದ. ಭಾನುಮತಿಗೆ ಅರ್ಧ ಮಾತು ಅರ್ಥವಾಗಿರಲಿಲ್ಲ, ಉಳಿದರ್ಧ ಮರೆತಿತ್ತು. ಆ ತಿಂಗಳೇ ರೆಕಾರ್ಡರ್ ಕೊಂಡರು.

ನಿಯಮಗಳನ್ನು ತಾವೇ ಹಾಕಿಕೊಂಡಿದ್ದಾರೆ. ಕೆಲಸಕ್ಕೆ ಹೋಗುವ ಮನೆಗಳಲ್ಲಿ ರೆಕಾರ್ಡ್ ಮಾಡುವುದಿಲ್ಲ. ಮಾಜಿ ಸೈನಿಕರ ಸಂಘವೊಂದು ವಿಳಾಸ ಕೊಡುತ್ತದೆ, ಅಲ್ಲಿಗೆ ಹೋಗುತ್ತಾರೆ. ಯಾರು ಕೇಳಬಹುದು, ಯಾವಾಗ ಕೇಳಬಹುದು ಎಂಬುದನ್ನು ಹೇಳಿದವರೇ ತೀರ್ಮಾನಿಸಿ ಸಹಿ ಹಾಕಬೇಕು. ಒಂದು ಪ್ರತಿ ಮನೆಗೆ, ಒಂದು ಸಂಘಕ್ಕೆ. ಮೂರನೆಯದು ಶೇಷಾದ್ರಿಯವರ ಹಾರ್ಡ್ ಡಿಸ್ಕಿನಲ್ಲಿರುತ್ತದೆ.

ಹೇಳಿದವರೇ ತೀರ್ಮಾನಿಸಬೇಕೆಂಬ ನಿಯಮ ಅವರನ್ನು ಒಮ್ಮೆ ಇಕ್ಕಟ್ಟಿಗೆ ಸಿಕ್ಕಿಸಿತು. ಎಂಬತ್ತೈದರ ಗುನ್‌ವೋರ್ ಎಂಬ ಅಜ್ಜಿಯ ಗಂಡ ಅರವತ್ತರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆಯ ಪಡೆಯ ಜೊತೆ ಕಾಂಗೋಗೆ ಹೋಗಿದ್ದರು. ಇಲ್ಲಿ ಮಗಳು ಆನೆಲಿ ಹುಟ್ಟಿದ ದಿನವೇ ಅಲ್ಲಿ ಅವರ ಪಕ್ಕದಲ್ಲಿದ್ದ ಗೆಳೆಯ ಗುಂಡಿಗೆ ಬಲಿಯಾದ. ಹಿಂತಿರುಗಿದ ಮೇಲೆ ಅದನ್ನು ಹೆಂಡತಿಗೆ ಒಂದೇ ಒಂದು ಸಲ ಹೇಳಿ, ಮಗುವಿನ ಹುಟ್ಟುಹಬ್ಬಕ್ಕೆ ಸಾವನ್ನು ಅಂಟಿಸಬೇಡ ಎಂದು ಮಾತು ತೆಗೆದುಕೊಂಡರು. ಪ್ರತಿ ವರ್ಷ ಆ ದಿನ ಬೆಳಿಗ್ಗೆಯೇ ಮನೆ ಬಿಟ್ಟು ಸಂಜೆ ಬರುತ್ತಿದ್ದರು. ಅಪ್ಪನಿಗೆ ತಾನು ಬೇಡವಾಗಿದ್ದೆ ಎಂದೇ ನಂಬಿ ಆನೆಲಿ ಬೆಳೆದರು. ಅಪ್ಪನ ಕೊನೆಯ ದಿನಗಳಲ್ಲೂ ಹೆಚ್ಚು ಬಂದು ಹೋಗಲಿಲ್ಲ.

ಇಷ್ಟನ್ನೂ ರೆಕಾರ್ಡ್ ಮಾಡಿಸಿದ ಗುನ್‌ವೋರ್, ತಾನು ಸತ್ತ ಮೇಲೆ ಮಗಳಿಗೆ ಕೊಡಬೇಕೆಂದು ಬರೆದು ಸಹಿ ಹಾಕಿದರು. ಭಾನುಮತಿ ಒಪ್ಪಿಕೊಂಡು ಬಂದರು. ಆದರೆ ಮೂರು ವಾರ ಅದೇ ಯೋಚನೆ. ಕೊನೆಗೆ ರೆಕಾರ್ಡರ್ ಇಲ್ಲದೆ ಮತ್ತೆ ಆ ಮನೆಗೆ ಹೋಗಿ, ನೀವು ಹೋದ ಮೇಲೆ ನಿಮ್ಮ ಮಗಳಿಗೆ ಏನಾದರೂ ಕೇಳಬೇಕೆನ್ನಿಸಿದರೆ ಯಾರನ್ನು ಕೇಳಬೇಕು ಎಂದುಬಿಟ್ಟರು. ಗುನ್‌ವೋರ್ ಎದ್ದು ಭಾನುಮತಿಯ ಕೋಟು ತಂದುಕೊಟ್ಟರು.

"ಕೇಳೋಕೆ ಹೋದವಳು ಬುದ್ಧಿ ಹೇಳಿಬಿಟ್ಟೆ. ಇನ್ನು ಆ ಬಾಗಿಲು ತೆರೆಯಲ್ಲ ಅಂದ್ಕೊಂಡೆ," ಎನ್ನುತ್ತಾರೆ ಭಾನುಮತಿ.

ಎರಡು ತಿಂಗಳ ಬಳಿಕ ಗುನ್‌ವೋರ್ ಅವರಿಂದಲೇ ಫೋನ್ ಬಂತು. ಶನಿವಾರ ಫೀಕಾಗೆ, ಅಂದರೆ ಕಾಫಿ ತಿಂಡಿಗೆ, ಬರಬೇಕು, ರೆಕಾರ್ಡಿಂಗ್ ತರಬೇಕು. ಹೋದರೆ ಮೇಜಿನ ಮುಂದೆ ಅರವತ್ತನಾಲ್ಕರ ಆನೆಲಿ ಕೂತಿದ್ದರು. ನಲವತ್ತು ನಿಮಿಷ ಮೂವರೂ ಕೂತು ಕೇಳಿದರು. ಮುಗಿದಾಗ ಆನೆಲಿ ಎದ್ದು ಬಾಲ್ಕನಿಗೆ ಹೋದರು. ಒಳಗೆ ಬಂದು ತಾಯಿಯನ್ನು ಒಂದೇ ಪ್ರಶ್ನೆ ಕೇಳಿದರು: "ನನ್ನ ಹುಟ್ಟುಹಬ್ಬದ ದಿನ ಅಪ್ಪ ಎಲ್ಲಿಗೆ ಹೋಗ್ತಿದ್ರು?"

"ಸತ್ತ ಹುಡುಗನ ತಾಯಿ ಮನೆಗೆ," ಎಂದರು ಗುನ್‌ವೋರ್. "ಅವಳ ಜೊತೆ ಕಾಫಿ ಕುಡಿದು, ನಿನ್ನ ಆ ವರ್ಷದ ಫೋಟೋ ತೋರಿಸಿ ಬರ್ತಿದ್ರು."

ಈ ಮಾತು ರೆಕಾರ್ಡಿಂಗ್‌ನಲ್ಲಿ ಇರಲಿಲ್ಲ. ಕೇಳುವ ತನಕ ಗುನ್‌ವೋರ್‌ಗೂ ಅದು ಹೇಳಬೇಕಾದ ಸಂಗತಿ ಅನ್ನಿಸಿರಲಿಲ್ಲ. ಆನೆಲಿ ಆಗ ಅತ್ತರು, ತಾಯಿಯೂ ಅತ್ತರು. ಭಾನುಮತಿ ಅಡುಗೆಮನೆಗೆ ಹೋಗಿ ಇನ್ನೊಮ್ಮೆ ಕಾಫಿ ಮಾಡಿಕೊಂಡು ಬಂದರು.

ಆನೆಲಿಯ ಕೋರಿಕೆಯಂತೆ ಕಾಂಗೋದಲ್ಲಿ ಸತ್ತ ಆ ಸೈನಿಕನ ತಂಗಿಯನ್ನು ಭಾನುಮತಿ ಹುಡುಕಿದ್ದಾರೆ. ಎಂಬತ್ತು ದಾಟಿದ ಆಕೆಯ ಬಳಿ ಆನೆಲಿಯ ಹದಿನೇಳು ಫೋಟೋಗಳು ಉಳಿದಿದ್ದವು, ಹಿಂಬದಿಯಲ್ಲಿ ಆನೆಲಿಯ ಅಪ್ಪನ ಕೈಬರಹದಲ್ಲಿ ಇಸವಿ. ಈ ವರ್ಷದ ಹುಟ್ಟುಹಬ್ಬಕ್ಕೆ ಆನೆಲಿ ಆ ಮನೆಗೇ ಹೋಗಿ ಬಂದರು.

ಈಗ ಭಾನುಮತಿಯ ಪಟ್ಟಿಯಲ್ಲಿ ಹನ್ನೊಂದು ಹೆಸರು ಕಾಯುತ್ತಿವೆ, ಎಲ್ಲರೂ ಎಂಬತ್ತು ದಾಟಿದವರು. ಬೇಸಿಗೆ ಬರುವುದರೊಳಗೆ ಅಷ್ಟು ಮಂದಿಯ ಮನೆಗೂ ಹೋಗಿಬರಬೇಕು ಎನ್ನುವುದಷ್ಟೇ ಅವರ ಆಸೆ. ಇಷ್ಟು ಕಾಲ ಬಾಯಿ ಬಿಡದವರು ನಿಮ್ಮ ಮುಂದೆ ಹೇಗೆ ಮಾತಾಡುತ್ತಾರೆ ಎಂದು ಕೇಳಿದರೆ ಹೀಗೆನ್ನುತ್ತಾರೆ:

"ನನಗೆ ದೊಡ್ಡ ಪ್ರಶ್ನೆ ಕೇಳೋಕೆ ಬರಲ್ಲ ರೀ. ಅವರು ಸುಮ್ಮನಾದಾಗ ನಾನು ಎದ್ದು ಹೋಗಲ್ಲ, ಅದೊಂದು ಗೊತ್ತು."